ನಿಂಬೆವ್ವನ ಇಪ್ಪತ್ನಾಲ್ಕು ಮೆಟ್ಟಿಲು

ನಮ್ಮೂರಿನಲ್ಲಿ ಯಾರ ಹತ್ತಿರ ಎಷ್ಟು ದುಡ್ಡಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಮನೆ ನೋಡಿದರೆ ಸಾಕು. ದುಡ್ಡು ಬಂದ ಹಾಗೆಲ್ಲ ನಮ್ಮೂರ ಮನೆಗಳು ನೆಲ ಬಿಟ್ಟು ಮೇಲೇಳುತ್ತವೆ, ಹೋದ ಹಾಗೆಲ್ಲ ಕೆಳಗಿಳಿಯುತ್ತವೆ. ಏಳುವುದು ಸೂರ್ಯ ಹುಟ್ಟುವ ಹೊತ್ತಿಗೆ, ಎಮ್ಮೆ ಏಳುವಾಗ ಮಾಡುವಂಥ ಸದ್ದು ಮಾಡಿಕೊಂಡು. ಇಳಿಯುವುದೂ ಅದೇ ಹೊತ್ತಿಗೆ, ದೊಡ್ಡದೊಂದು ನಿಟ್ಟುಸಿರು ಬಿಟ್ಟು. ಮನೆ ಒಂದು ಗೇಣು ಎದ್ದರೆ ಒಂದು ಮೆಟ್ಟಿಲು ಬೇಕು. ಆ ಮೆಟ್ಟಿಲು ಮಾಡಿ ಜೋಡಿಸುವವನು ನಾನು, ಮೌನೇಶ ಬಡಿಗೇರ. ನನ್ನಪ್ಪನ ಕಸುಬೂ ಇದೇ. ಏರಿಸಿದರೆ ಪೂರ್ತಿ ಕೂಲಿ, ಇಳಿಸಿದರೆ ಅರ್ಧ ಕೂಲಿ. ಇಳಿಯುವವರ ಹತ್ತಿರ ಪೂರ್ತಿ ಕೇಳುವುದು ಮನುಷ್ಯತ್ವವಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ, ಕೇಳಿದರೂ ಅವರ ಹತ್ತಿರ ಇರುವುದಿಲ್ಲ ಎಂದೂ ಹೇಳಿಕೊಟ್ಟಿದ್ದ.

ಹೀಗಿರುವುದರಿಂದ ನಮ್ಮ ನಡೆನುಡಿಯೂ ಹಾಗೇ. ಹೆಣ್ಣು ಕೊಡುವವರು ಹುಡುಗನ ಗುಣ ಕೇಳುವ ಮೊದಲು “ಎಷ್ಟು ಮೆಟ್ಟಿಲ ಮನಿ?” ಎಂದು ಕೇಳುತ್ತಾರೆ. ಹಿತ್ತಾಳೆ ಪಾತ್ರೆಯ ವ್ಯಾಪಾರಿ ಗುರುಸಿದ್ದಪ್ಪ ಶೆಟ್ಟರದು ನಲವತ್ತೆರಡು ಮೆಟ್ಟಿಲು. ಊರ ಸಂತೆ ನಡೆಯುವುದೇ ಅವರ ಮನೆಯ ಅಡಿಯ ನೆರಳಿನಲ್ಲಿ. ಕೆಳಗೆ ಬದನೆಕಾಯಿ ಮಾರುವವರು, ಇಸ್ಪೀಟು ಆಡುವವರು, ಸುಮ್ಮನೆ ಬಿದ್ದುಕೊಂಡವರು ನಕ್ಕಿದ್ದು ಮೇಲೆ ಕೂತ ಶೆಟ್ಟರಿಗೆ ಕೇಳಿಸುತ್ತದೆ. ಯಾಕೆ ನಕ್ಕರು ಎಂಬುದು ಕೇಳಿಸುವುದಿಲ್ಲ. ಒಂದು ದಿನ ತಡೆಯಲಾರದೆ ಶೆಟ್ಟರು ಕಿಟಕಿಯಿಂದ ಬಗ್ಗಿ, “ಏನಂದ್ರೋ? ನನಗಷ್ಟು ಹೇಳ್ರೋ!” ಎಂದು ಕೂಗಿದರು. ಕೆಳಗಿನವರು ಪಾಪ, ಮೂರು ಸಲ ಕೂಗಿ ಹೇಳಿದರು. ಅಷ್ಟು ಎತ್ತರಕ್ಕೆ ಕೂಗಿ ಹೇಳಿದ ಮೇಲೆ ಯಾವ ನಗೆಮಾತೂ ನಗೆಮಾತಾಗಿ ಉಳಿಯುವುದಿಲ್ಲ. ಶೆಟ್ಟರು “ಹೌದೇನು” ಎಂದು ಒಳಗೆ ಹೋದರು.

ನನ್ನ ಅನುಭವದಲ್ಲಿ ಹೇಳುವುದಾದರೆ ಮನೆಗೆ ಮೂರು ಮೆಟ್ಟಿಲು ಚೆಂದ. ಮೇಲಿನದರ ಮೇಲೆ ಕೂತು ಕೆಳಗಿನದರ ಮೇಲೆ ಕಾಲಿಟ್ಟರೆ ದಾರಿಯಲ್ಲಿ ಹೋಗುವವರ ಮುಖ ಸರಿಯಾಗಿ ಎದುರಿಗೆ ಬರುತ್ತದೆ. ಮಾತಾಡಿಸದೆ ದಾಟಿಹೋಗಲು ಅವರಿಗೆ ಆಗುವುದಿಲ್ಲ. ಏಳು ದಾಟಿತೆಂದರೆ ಕೆಲಸವಿಲ್ಲದೆ ಯಾರೂ ಬರುವುದಿಲ್ಲ. ಹದಿನೈದು ದಾಟಿದರೆ ಬೆಕ್ಕೂ ಬರುವುದಿಲ್ಲ. ಇಪ್ಪತ್ತರ ಮೇಲಿನವರನ್ನು ಮದುವೆಗೆ ಕರೆಯಲು ಬಂದವರು, ಮೇಲಿಂದ ಇಳಿಬಿಟ್ಟ ಬುಟ್ಟಿಯಲ್ಲಿ ಕಾರ್ಡು ಹಾಕಿ, ಹಗ್ಗವನ್ನು ಎರಡು ಸಲ ಜಗ್ಗಿ ಹೊರಟುಬಿಡುತ್ತಾರೆ. ಇದೆಲ್ಲ ಗೊತ್ತಿದ್ದೂ, “ಮೂರಕ್ಕ ಸಾಕು ಮಾಡಪಾ ಮೌನೇಶಾ” ಎಂದವರನ್ನು ನಾನು ಕಂಡಿರಲಿಲ್ಲ. ದೂರ ಏಕೆ, ನಮ್ಮದು ನಾಲ್ಕು ಮೆಟ್ಟಿಲಿನ ಮನೆ, ನನ್ನ ಹೆಂಡತಿ ರೇಣವ್ವನ ಅಕ್ಕನದು ಒಂಬತ್ತು. ನಡುವಿನ ಆ ಐದು ಮೆಟ್ಟಿಲು ದಿನಾ ನಾನು ಊಟಕ್ಕೆ ಕೂತಾಗಲೇ ರೇಣವ್ವನ ನೆನಪಿಗೆ ಬರುತ್ತಿದ್ದವು.

ಇನ್ನು ತೋಟಪ್ಪನಂಥವರು ಬೇರೆ. ಅವನದು ಎರಡೇ ಮೆಟ್ಟಿಲು. ಮಗಳ ಸಂಬಂಧದ ಮಾತು ಬಂದಾಗ ಅವನು ಮನೆಯ ಸುತ್ತಲಿನ ನೆಲ ಅಗೆದು ಮಣ್ಣು ಹೊರಗೆ ಹಾಕಿದ. ಮನೆ ಇದ್ದಲ್ಲೇ ಇತ್ತು, ನೆಲ ಕೆಳಗೆ ಹೋಯಿತು, ನೋಡುವವರಿಗೆ ಆರು ಮೆಟ್ಟಿಲು. ಬೀಗರು ಬಂದು, ಎಣಿಸಿ, ಒಪ್ಪಿಕೊಂಡು ಹೋದರು. ಅದನ್ನು ನೋಡಿ ಓಣಿಗಿಬ್ಬರಂತೆ ಅಗೆಯಲು ಶುರು ಮಾಡಿದರು. ಮಳೆ ಬಂದರೆ ಇಂಥ ದೊಡ್ಡಮನುಷ್ಯರ ಮನೆಗೆ ಧೋತರ ಎತ್ತಿಕೊಂಡು ನೀರು ದಾಟಿ ಹೋಗಬೇಕು. ಅಗೆದ ಮಣ್ಣನ್ನು ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಊರ ಹೊರಗೆ ತಮ್ಮ ತಮ್ಮ ಗುಡ್ಡೆ ಹಾಕಿಕೊಂಡಿದ್ದರು. ಈ ಮಣ್ಣಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾನು ಹೇಳಹೊರಟಿದ್ದು ಕೌದಿ ನಿಂಬೆವ್ವನ ಸಂಗತಿ. ಹಳೇ ಸೀರೆಯ ತುಂಡುಗಳನ್ನು ಪದರ ಪದರ ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು. ಮೂರು ಮೆಟ್ಟಿಲಿನ ಮನೆ, ಮೇಲೆ ಮಣ್ಣಿನ ಮಾಳಿಗೆ. ಎದುರು ಮನೆ ಫಕೀರವ್ವನದು, ಅವಳು ಚುರುಮುರಿ ಹುರಿದು ಮಾರುವವಳು. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಫಕೀರವ್ವನ ಮೊಣಕಾಲು ಮಡಚುವುದಿಲ್ಲ, ಅದಕ್ಕೇ ಅವಳ ಮನೆಗೆ ಒಂದೂ ಮೆಟ್ಟಿಲಿಲ್ಲ. ಇಲ್ಲ ಎಂದರೆ, ಬರದಂತೆ ನೋಡಿಕೊಂಡಿದ್ದಳು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಾದರೆ ಸೀದಾ ಜಿಲೇಬಿ ಅಂಗಡಿಗೆ ಹೋಗಿ ಕರಗಿಸಿ ಬರುವಳು. “ನಂದೇ ಮನಿ ಹತ್ತಾಕ ನಾನು ಅಳಬೇಕೇನು?” ಎನ್ನುವಳು. ನಮ್ಮೂರಿನಲ್ಲಿ ದುಡ್ಡಿನ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದವಳು ಅವಳೊಬ್ಬಳೇ.

ದಿನಾ ಮಧ್ಯಾಹ್ನ ಫಕೀರವ್ವ ಗೋಡೆ ಹಿಡಿದು ಆ ಮೂರು ಮೆಟ್ಟಿಲು ಹತ್ತಿ ನಿಂಬೆವ್ವನ ಮನೆಗೆ ಬರುವಳು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬೀಳುವ ಜಾಗದಲ್ಲಿ, ನೆಲದ ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿತ್ತು. ಅದರ ಎರಡು ಬದಿಗೆ ಕೂತು, ನಾಲ್ಕು ಕವಡೆ ಹಾಕಿ, ಇಬ್ಬರೂ ಮೂವತ್ತು ವರ್ಷ ಆಡಿದ್ದರು. ಯಾರು ಎಷ್ಟು ಗೆದ್ದರೆಂದು ಗೋಡೆಯ ಮೇಲೆ ಇದ್ದಿಲಿನ ಗೆರೆಗಳಿದ್ದವು. ವರ್ಷಕ್ಕೊಮ್ಮೆ ಸುಣ್ಣ ಹೊಡೆಯುವಾಗ ತನ್ನ ಗೆರೆಗಳ ಮೇಲೆ ಮಾತ್ರ ಸುಣ್ಣ ದಪ್ಪ ಬೀಳುತ್ತದೆ ಎಂಬುದು ಫಕೀರವ್ವನ ದೂರು. ಫಕೀರವ್ವ ಕಾಲು ಚಾಚಿಯೇ ಕೂರುತ್ತಾಳೆ, ಅವಳ ಹೆಬ್ಬೆರಳಿಗೆ ಕಣ್ಣಿದೆ, ಕವಡೆ ಮಗುಚುತ್ತದೆ ಎಂಬುದು ನಿಂಬೆವ್ವನ ದೂರು. ಜಗಳ ಓಣಿಯ ಆ ತುದಿಗೆ ಕೇಳುತ್ತಿತ್ತು. ಮರುದಿನ ಮಧ್ಯಾಹ್ನ ಮತ್ತೆ ಇಬ್ಬರೂ ಅಲ್ಲೇ.

ಒಂದು ಚಳಿಗಾಲ ಗುರುಸಿದ್ದಪ್ಪ ಶೆಟ್ಟರಿಗೆ ನೆಗಡಿಯಾಯಿತು. ನಲವತ್ತೆರಡು ಮೆಟ್ಟಿಲ ಮೇಲೆ ಗಾಳಿ ಬೇರೆಯೇ. ನಿಂಬೆವ್ವನಿಗೆ ಹೇಳಿ ಒಂದು ಕೌದಿ ಹೊಲಿಸಿಕೊಂಡರು, ನೆಗಡಿ ಬಿಟ್ಟಿತು. ಶೆಟ್ಟರು ಹೊದ್ದಿದ್ದನ್ನು ಕಂಡು ಮೂವತ್ತು ಮೆಟ್ಟಿಲಿನವರಿಗೂ ಚಳಿಯಾಗತೊಡಗಿತು, ಅವರನ್ನು ಕಂಡು ಹದಿನೈದರವರಿಗೆ. ಕೊನೆಗೆ ನೆಲದಿಂದ ಎರಡು ಗೇಣು ಎದ್ದವರೂ ಹಲ್ಲು ಕಟಕಟ ಎನ್ನಿಸಿಕೊಂಡು ಕೌದಿ ಕೇಳಲು ಬಂದರು. ನಿಂಬೆವ್ವ ಆರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಳು. ಅವಳ ಮನೆ ಬೆಳಗಾದರೆ ಎಮ್ಮೆಯ ಸದ್ದು ಮಾಡತೊಡಗಿತು. ನಾನು ವಾರಕ್ಕೊಮ್ಮೆ ಹಲಗೆ ಹೊತ್ತು ಹೋಗುತ್ತಿದ್ದೆ. ನಿಂಬೆವ್ವನಿಗೂ ಹೆಮ್ಮೆಯೇ. “ಇವತ್ತೆಷ್ಟು ಹಚ್ಚಿದ್ಯೋ?” ಎಂದು ಗೊತ್ತಿದ್ದೂ ಜೋರಾಗಿ ಕೇಳುವಳು, ಓಣಿಗೆ ಕೇಳಲೆಂದು.

ಐದು ಮೆಟ್ಟಿಲಾದಾಗ ಫಕೀರವ್ವ ನಡುವೆ ಒಮ್ಮೆ ನಿಂತು ಬಂದಳು. ಏಳಾದಾಗ ನಡುವೆ ಕೂತು ಎಲೆಅಡಿಕೆ ಹಾಕಿಕೊಂಡು ಬಂದಳು. ಒಂಬತ್ತಾದಾಗ ಆಡುವ ಹೊತ್ತಿಗಿಂತ ಹತ್ತುವ ಹೊತ್ತೇ ಹೆಚ್ಚಾಯಿತು. ಹನ್ನೊಂದಕ್ಕೆ ನಿಂಬೆವ್ವ ನನ್ನಿಂದ ಒಂದು ರಾಟೆ ಮಾಡಿಸಿ, ದೊಡ್ಡ ಬುಟ್ಟಿ ಕಟ್ಟಿಸಿ, ಗೆಳತಿಯನ್ನು ಅದರಲ್ಲಿ ಕೂರಿಸಿ ಮೇಲೆ ಎಳೆಸಿದಳು. ಅರ್ಧ ದಾರಿಯಲ್ಲಿ ಹಗ್ಗ ಸಿಕ್ಕಿಕೊಂಡಿತು. ಫಕೀರವ್ವ ಸಂಜೆಯವರೆಗೆ ಓಣಿಯ ನಡುವೆ ತೂಗಾಡಿದಳು. ಊರೆಲ್ಲ ಸೇರಿ ಕೆಳಗಿನಿಂದ ಸಲಹೆ ಕೊಟ್ಟಿತು. ಅವಳಿಗೆ ನಿಜವಾಗಿ ಸಿಟ್ಟು ಬಂದದ್ದು ಒಬ್ಬ ಗಿರಾಕಿ ಅಲ್ಲೇ ನಿಂತು ಎರಡು ಸೇರು ಚುರುಮುರಿ ಕೇಳಿದಾಗ. ರಾಟೆ ನನ್ನದೇ ಆದ್ದರಿಂದ ನಾನು ಹೆಚ್ಚು ಮಾತಾಡಲಿಲ್ಲ.

ಆದರೂ ಜಗಳ ಅದರಿಂದ ಆದದ್ದಲ್ಲ. ಮನೆ ಹದಿಮೂರಕ್ಕೆ ಹೋಗಿತ್ತು. ಹಿಂದಿನ ದಿನ ಕತ್ತಲಾಯಿತೆಂದು ಒಂದು ಆಟ ಅರ್ಧಕ್ಕೇ ನಿಂತಿತ್ತು. ಫಕೀರವ್ವನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. ಒಂದು ಬಿದ್ದರೆ ಗೆದ್ದಂತೆ, ಒಂದೇ ಬೀಳಬೇಕು. ಅವಳು ತನ್ನ ಬಾಗಿಲಲ್ಲಿ ನಿಂತು ಆ ಹದಿಮೂರು ಮೆಟ್ಟಿಲನ್ನು ನೋಡುತ್ತಾ ಹತ್ತಲೋ ಬೇಡವೋ ಎನ್ನುತ್ತಿದ್ದಳು. ನಿಂಬೆವ್ವ ಮೇಲಿನಿಂದ ಕಂಡು ಕೂಗಿದಳು. ವ್ಯಾಪಾರದ ನಾಲಿಗೆ ಬೇರೆ ಬಂದಿತ್ತಲ್ಲ.

“ಬಾರ ಫಕೀರೀ! ಮೆಟ್ಟಿಲಿಗೆ ಒಂದು ರೂಪಾಯಿ ಕೊಡ್ತೀನಿ, ಬಾ!”

ಫಕೀರವ್ವ ಕತ್ತು ಎತ್ತಿದಳು. “ಏನಂದಿ?”

“ಮೆಟ್ಟಿಲಿಗೆ ಒಂದು ರೂಪಾಯಿ. ಸಾಲೂದಿಲ್ಲಂದ್ರ ಎರಡು ತಗೋ.”

“ಮೂವತ್ತು ವರ್ಷ ಪುಕ್ಕಟೆ ಬಂದೀನಲ್ಲ, ಅದಕ್ಕೆಷ್ಟು ಕೊಡ್ತಿ?”

ತಾನು ಬೈಸಿಕೊಳ್ಳುತ್ತಿದ್ದೇನೆಂದು ನಿಂಬೆವ್ವನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ನಿಜವಾಗಿಯೂ ಒಂದು ಕ್ಷಣ ಯೋಚನೆ ಮಾಡಿ, “ಅದನ್ನ ಸಗಟ ದರದಾಗ ಮಾತಾಡೂಣ, ಮೊದಲು ಮ್ಯಾಲ ಬಾ” ಎಂದುಬಿಟ್ಟಳು.

ಫಕೀರವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಟದ ನಾಲ್ಕು ಕವಡೆ ಅವಳ ಸೆರಗಿನ ಗಂಟಿನಲ್ಲೇ ಉಳಿದವು. ಮರುದಿನ ನಿಂಬೆವ್ವ ಮನಸ್ಸು ತಡೆಯದೆ ಇಳಿದು ಹೋಗಿ ಬಾಗಿಲು ತಟ್ಟಿದಳು. ಒಳಗಿನಿಂದ, “ಹದಿಮೂರು ಇಳಿದು ಬಂದೀರಿ, ಹದಿಮೂರು ರೂಪಾಯಿ ಹೊರಗ ಇಟ್ಟೀನ್ರಿ, ತಗೊಂಡು ಹೋಗ್ರಿ” ಎಂಬ ಮಾತು ಬಂತು. ಹೊಸ್ತಿಲ ಬಳಿ ಚುರುಮುರಿ ಚೀಲದ ಮೇಲೆ ಹದಿಮೂರು ನಾಣ್ಯ ಸಾಲಾಗಿ ಇದ್ದವು. ಗೆಳತಿಯ ಬಾಯಲ್ಲಿ “ರೀ” ಕೇಳಿಸಿದ್ದೇ ನಿಂಬೆವ್ವನ ಕಣ್ಣು ತುಂಬಿ ಬಂತು. ನಾನು ಮೆಟ್ಟಿಲಿಗೆ ಮೊಳೆ ಹೊಡೆಯುತ್ತಿದ್ದೆ, ನೋಡಿದೆ. ಹೊಡೆಯುವುದನ್ನು ನಿಲ್ಲಿಸಿದೆ.

ಅಲ್ಲಿಂದ ಐದು ತಿಂಗಳು ಮಾತಿಲ್ಲ. ಅರ್ಧ ಆಡಿದ ಆಟದ ಮೇಲೆ ನಿಂಬೆವ್ವ ಒಂದು ಬುಟ್ಟಿ ಬೋರಲು ಹಾಕಿ, ಅದು ಜರುಗದಂತೆ ಮೇಲೆ ಗುಂಡುಕಲ್ಲು ಇಟ್ಟಳು. ಕೆಲಸದ ಹೆಂಗಸರೊಂದಿಗೆ ಆಡಿ ನೋಡಿದಳಂತೆ. ಅವರು ಸೋತು, “ನೀವೇ ಗೆದ್ರಿ ಯವ್ವಾ” ಎನ್ನುತ್ತಿದ್ದರು. “ಒಬ್ಬಾಕಿನೂ ಮೋಸ ಮಾಡೂದಿಲ್ಲೋ ಮೌನೇಶಾ, ಇವರ ಜೋಡಿ ಹೆಂಗ ಆಡೂದು?” ಎಂದು ನನ್ನ ಹತ್ತಿರ ಹೇಳಿಕೊಂಡು ಮೂಗು ಒರೆಸಿಕೊಂಡಳು. ಆಮೇಲೆ ಹೇಳಿದಳು: “ನನ್ನ ಮನಿ ಮೂರಕ್ಕ ಇಳಸು.”

“ಮನಿ ಇಳಸೂದು ನನ್ನ ಕೈಯಾಗಿಲ್ಲ ಯವ್ವಾ, ಮೆಟ್ಟಿಲಾ ಅಷ್ಟ ಇಳಸಬಹುದು. ರೊಕ್ಕ ಹೋದ್ರ ಮನಿ ತಾನ ಇಳೀತೈತಿ.”

“ಹೋಗಲಿ ಹಂಗಾರ. ಕಳೀತೀನಿ.”

ದುಡ್ಡು ಕಳೆಯುವುದು ಸುಲಭ ಎಂದು ನಾವಿಬ್ಬರೂ ತಿಳಿದಿದ್ದೆವು. ಗಿರಾಕಿಗಳು ಬಿಡಲಿ ಎಂದು ಮೊದಲು ಕೌದಿಯ ಬೆಲೆ ಎರಡರಷ್ಟು ಮಾಡಿದಳು. ಅಷ್ಟು ಬೆಲೆಯ ಕೌದಿ ಹೊದೆಯದವನು ಮನುಷ್ಯನೇ ಅಲ್ಲ ಎಂದು ಊರಿಗೆ ಅನ್ನಿಸಿತು, ಒಬ್ಬೊಬ್ಬರು ಎರಡೆರಡು ಒಯ್ದರು. ಮನೆ ಹದಿನಾರಕ್ಕೆ ಹೋಯಿತು. ಆಮೇಲೆ ಬೇಕೆಂದೇ ಕೆಟ್ಟದಾಗಿ ಹೊಲಿಸಿದಳು, ಅಂಚು ಬಿಟ್ಟು, ನಡುವೆ ಅಂಗೈಯಗಲ ತೂತು ಬಿಟ್ಟು. ಗುರುಸಿದ್ದಪ್ಪ ಶೆಟ್ಟರು ಆ ತೂತಿನಲ್ಲಿ ತಲೆ ತೂರಿಸಿ ಕೌದಿಯನ್ನು ಅಂಗಿಯ ಹಾಗೆ ತೊಟ್ಟು ಕಿಟಕಿಯಲ್ಲಿ ಕಾಣಿಸಿಕೊಂಡರು. ಒಂದು ವಾರದಲ್ಲಿ ಊರ ಗಣ್ಯರೆಲ್ಲ ಹಾಗೇ ತಿರುಗಾಡಿದರು. ಮನೆ ಇಪ್ಪತ್ತಕ್ಕೆ ಹೋಯಿತು. ಸಿಟ್ಟಿನಿಂದ ನಿಂಬೆವ್ವ ಇಡೀ ಊರನ್ನು ಕರೆದು ಹೋಳಿಗೆ ಊಟ ಹಾಕಿಸಿದಳು. ನಮ್ಮವರು ಉಂಡು ಸುಮ್ಮನೆ ಏಳುವವರೇ? ಊಟ ಹಾಕಿದವರಿಗೆ ಮುಯ್ಯಿ ಮಾಡದೆ ಬರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಇಪ್ಪತ್ತು ಮೆಟ್ಟಿಲಿನವಳಿಗೆ ಸಣ್ಣ ಮುಯ್ಯಿ ಕೊಟ್ಟರೆ ಇನ್ನೂ ಮರ್ಯಾದೆಯಲ್ಲ. ಬೇಡ ಬೇಡ ಎಂದರೂ ಮಡಿಲಿಗೆ ಹಾಕಿ ಹೋದರು. ಮರುದಿನ ಬೆಳಗ್ಗೆ ಮನೆ ಇಪ್ಪತ್ನಾಲ್ಕು. ಊಟಕ್ಕೆ ಬಾರದೆ ಉಳಿದವಳು ಫಕೀರವ್ವ ಒಬ್ಬಳೇ.

ಈ ಗಲಾಟೆಯಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು ಹಚ್ಚಿ ನಮ್ಮ ಮನೆಯೂ ಎಂಟಕ್ಕೆ ಏರಿತ್ತು. “ನಿಂಬೆವ್ವಗ ಇನ್ನೊಂದೆರಡು ಉಪಾಯ ಹೇಳಿಕೊಡ್ರಿ” ಎಂದು ರೇಣವ್ವ ನನಗೆ ತುಪ್ಪ ಬಡಿಸತೊಡಗಿದಳು.

ಉಪಾಯ ಹೊಳೆದದ್ದು ನನಗೇ, ತೋಟಪ್ಪನ ಮನೆಯ ಮುಂದಿನ ಗುಂಡಿಯಲ್ಲಿ ಜಾರಿ ಬಿದ್ದಾಗ. ನೆಲ ಅಗೆದರೆ ಮನೆ ಎತ್ತರ ಕಾಣುವುದಾದರೆ, ನೆಲ ಏರಿಸಿದರೆ? ನಿಂಬೆವ್ವನ ಮನೆ ಇಳಿಯುವುದೇ ಬೇಡ. ಸುತ್ತಲೂ ಇಪ್ಪತ್ತೊಂದು ಮೆಟ್ಟಿಲಿನಷ್ಟು ಮಣ್ಣು ಒಟ್ಟಿ, ಫಕೀರವ್ವನ ಬಾಗಿಲಿಂದ ನಿಧಾನಕ್ಕೆ ಏರುವ ಉದ್ದನೆಯ ಇಳಿಜಾರು ಮಾಡಿದರೆ ಉಳಿಯುವುದು ಮೂರೇ ಮೆಟ್ಟಿಲು. ಮಣ್ಣಂತೂ ಊರ ಹೊರಗೆ ರಾಶಿ ಬಿದ್ದಿದೆ. ನಿಂಬೆವ್ವ ಐದು ತಿಂಗಳಲ್ಲಿ ಮೊದಲ ಸಲ ನಕ್ಕಳು. “ಅಕಿ ಮೊಣಕಾಲಿಗೆ ಗೊತ್ತಾಗಬಾರದು, ಅಷ್ಟು ಮೆತ್ತಗಿರಬೇಕು ಏರು” ಎಂದಳು.

ನಿಂಬೆವ್ವನಿಗೆ ಮಣ್ಣು ಬೇಕಂತೆ ಎಂಬ ಸುದ್ದಿ ಹಬ್ಬಿದ ದಿನವೇ ಮಣ್ಣಿಗೆ ಬೆಲೆ ಬಂತು. ನಿನ್ನೆಯವರೆಗೆ ಯಾರಾದರೂ ಒಯ್ದರೆ ಸಾಕೆಂದಿದ್ದ ತೋಟಪ್ಪ ಗುಡ್ಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. “ಇದು ಆರು ಮೆಟ್ಟಿಲ ಮನಿ ಮಣ್ಣು, ಎಲ್ಲಾರ ಮಣ್ಣಿನ ದರಕ್ಕ ಕೊಡಾಕ ಬರೂದಿಲ್ಲ” ಎಂದ. ನಿಂಬೆವ್ವ ಚೌಕಾಸಿ ಮಾಡಲೇ ಇಲ್ಲ. ಬೆಲೆ ಕೇಳುವಾಗಲೂ ಅವಳ ಕಣ್ಣು ಎದುರು ಮನೆಯ ಮುಚ್ಚಿದ ಬಾಗಿಲಿನ ಮೇಲೇ ಇತ್ತು. ಹದಿನೆಂಟು ದಿನ ಗಾಡಿಗಳು ಓಡಾಡಿದವು. ಏರು ಸಿದ್ಧವಾಯಿತು, ಕೂಸೂ ಅಂಬೆಗಾಲಿಟ್ಟು ಹತ್ತುವಂತಿತ್ತು. ಆದರೆ ಮೂರೇ ಮೆಟ್ಟಿಲು ಕಂಡಿದ್ದೇ ಕೌದಿಯ ಗಿರಾಕಿಗಳು ಮೂಗು ಮುರಿದರು. ಮೂರು ಮೆಟ್ಟಿಲಿನವಳ ಕೌದಿಗೆ ಇಷ್ಟು ಬೆಲೆಯೇ ಎಂದು ಹೊಲಿಯಲು ಹೇಳಿಟ್ಟ ಕೌದಿಗಳನ್ನೆಲ್ಲ ಬೇಡವೆಂದರು. ನಿಂಬೆವ್ವ ಅದನ್ನೂ ಗಮನಿಸಲಿಲ್ಲ. ಮಂಗಳವಾರ ಸಂತೆಯ ದಿನ ಮಣ್ಣಿನವರಿಗೆ, ಗಾಡಿಯವರಿಗೆ, ಕೂಲಿಯವರಿಗೆ, ನನಗೆ, ಎಲ್ಲರಿಗೂ ಕೇಳಿದಷ್ಟು ಕೊಟ್ಟು ಕೈ ಝಾಡಿಸಿಕೊಂಡಳು.

ಹುಟ್ಟಿದಾಗಿನಿಂದ ಮನೆ ಏರುವುದು ಇಳಿಯುವುದನ್ನೇ ನೋಡಿ ಬೆಳೆದ ನನಗೆ ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅವತ್ತು ನಾನು ದುಡ್ಡು ಎಣಿಸುತ್ತಿದ್ದೆ. ಬುಧವಾರ ಬೆಳಗ್ಗೆ ಆ ಮೂರು ಮೆಟ್ಟಿಲಿನ ಅಳತೆ ತೆಗೆಯಲು ಹೋದವನು, ನಿಂಬೆವ್ವ ಕೊಟ್ಟ ಚಹಾ ಬಸಿಗೆ ಹಾಕಿಕೊಂಡು ಊದುತ್ತಿದ್ದೆ. ಆಗ ಮನೆ ನಿಟ್ಟುಸಿರು ಬಿಟ್ಟಿತು. ಅಂಥ ನಿಟ್ಟುಸಿರನ್ನು ನಾನು ಕೇಳಿರಲಿಲ್ಲ. ಬಸಿಯೊಳಗಿನ ಚಹಾ ಮುಖಕ್ಕೆ ಹಾರಿತು. ಬಾಗಿಲಲ್ಲಿ ಕಾಣುತ್ತಿದ್ದ ಆಕಾಶ ಮೇಲೆ ಹೋಯಿತು, ಅದರ ಜಾಗಕ್ಕೆ ಮಣ್ಣಿನ ಗೋಡೆ ಬಂತು, ಬಂತು, ಬರುತ್ತಲೇ ಇತ್ತು. ಒಂದೇ ಉಸಿರಿಗೆ ಹತ್ತೊಂಬತ್ತು ಮೆಟ್ಟಿಲು. ಮನೆ ಐದಕ್ಕೆ ಬಂದು ನಿಂತಾಗ ನಾವು ನಾವೇ ಕಟ್ಟಿಸಿದ ಗುಡ್ಡದ ಹೊಟ್ಟೆಯಲ್ಲಿದ್ದೆವು. ಮಾಳಿಗೆ ಮೇಲಿನ ಮಣ್ಣಿಗೆ ಸರಿಸಮ. ಸುತ್ತಲೂ ಎರಡು ಮೊಳ ಸಂದು. ಬೆಳಕೆಂದರೆ ಬೆಳಕಿಂಡಿಯದು ಮಾತ್ರ, ಅದು ಸರಿಯಾಗಿ ಆ ಬುಟ್ಟಿಯ ಮೇಲೆ ಬಿದ್ದಿತ್ತು.

ನಿಂಬೆವ್ವ ನೆಲಕ್ಕೆ ಕೂತಳು. “ಮೊದಲು ಹತ್ತಾಕ ಆಗತಿದ್ದಿಲ್ಲ. ಈಗ ಇಳಿಯಾಕೂ ಆಗೂದಿಲ್ಲ ಅಕಿಗೆ” ಎಂದಳು. ದುಡ್ಡು ಹೋದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಉಳಿದ ಚಹಾ ಕುಡಿದೆ.

ಮೇಲೆ ಜನ ಸೇರಿದ್ದು ಕೇಳಿಸಿತು. ನಗು ಕೇಳಿಸಿತು. ಯಾಕೆ ನಕ್ಕರು ಎಂಬುದೂ ಸ್ಪಷ್ಟವಾಗಿಯೇ ಕೇಳಿಸಿತು. ಆಮೇಲೆ ಕೋಲು ಊರುವ ಸದ್ದು. ನಿಂಬೆವ್ವನ ಮನೆ ಕಾಣೆಯಾಯಿತಂತೆ ಎಂಬ ಸುದ್ದಿ ಎದುರು ಮನೆಗೆ ಹೋಗಿತ್ತು. ಫಕೀರವ್ವನ ಸಿಟ್ಟು ದೊಡ್ಡದೇ, ಆದರೆ ನೋಡಬೇಕೆಂಬ ಚಟ ಅದಕ್ಕಿಂತ ದೊಡ್ಡದು. ಅವಳಿಗೆಂದೇ ಮಾಡಿದ ಆ ಏರನ್ನು ಅವಳು ಎಲ್ಲೂ ನಿಲ್ಲದೆ ಹತ್ತಿ ಬಂದಿದ್ದಳು. ಬೆಳಕಿಂಡಿಗೆ ಒಂದು ಮುಖ ಅಡ್ಡ ಬಂತು.

“ಏ ನಿಂಬೀ! ಇದ್ದೀಯೋ ಸತ್ತೀಯೋ?”

“ಇದ್ದೀನಿ.”

“ಏನ್ ಮಾಡಾಕತ್ತಿ?”

“ಕುಂತೀನಿ.”

ಮೇಲಿನ ಮುಖ ಒಮ್ಮೆ ಹಿಂದೆ ತಿರುಗಿ ಹತ್ತಿ ಬಂದ ದಾರಿ ನೋಡಿತು. “ಈ ಏರು ಯಾಕ ಮಾಡಿಸಿದಿ?”

“ನಿನ್ನ ಹೆಣ ಹತ್ತಿ ಬರಲಿ ಅಂತ” ಎಂದಳು ನಿಂಬೆವ್ವ. ಐದು ತಿಂಗಳ ಮೇಲೆ ಬೈಯುವ ಭಾಗ್ಯ ಸಿಕ್ಕಿತ್ತು.

ಮೇಲಿನವಳಿಗೆ ಅದರಿಂದ ಸಮಾಧಾನವಾದಂತೆ ಕಂಡಿತು. “ಆಟ ಕೆಡಿಸಿರಬೇಕಲ್ಲ?”

ನಿಂಬೆವ್ವ ಗುಂಡುಕಲ್ಲು ಸರಿಸಿ ಬುಟ್ಟಿ ಎತ್ತಿದಳು. ಕಾಯಿಗಳು ಇದ್ದಲ್ಲೇ ಇದ್ದವು. ಮನೆ ಹದಿಮೂರರಿಂದ ಇಪ್ಪತ್ನಾಲ್ಕಕ್ಕೆ ಏರಿ ಐದಕ್ಕೆ ಬಿದ್ದರೂ ಒಂದೂ ಅಲುಗಿರಲಿಲ್ಲ. “ಹಂಗ ಐತಿ. ನಿನಗ ಒಂದು ಬೀಳಬೇಕು. ಕವಡಿ ನಿನ್ನ ಹತ್ರ ಅದಾವು.”

ಸೆರಗಿನ ಗಂಟು ಬಿಚ್ಚುವುದು ಕಾಣಿಸಿತು. ಐದು ತಿಂಗಳು ಅವನ್ನು ಕಟ್ಟಿಕೊಂಡೇ ಚುರುಮುರಿ ಹುರಿದಿದ್ದಳು. “ಬಿಡಲೇನು?” “ಬಿಡು.” ನಾಲ್ಕು ಕವಡೆ ಬೆಳಕಿನ ಜೊತೆ ಕೆಳಗೆ ಬಿದ್ದು, ಕಲ್ಲಿನ ಮೇಲೆ ಟಣಟಣ ಕುಣಿದು ನಿಂತವು. ನಾನು ಬಗ್ಗಿ ನೋಡಿದೆ. ಮೂರು ಬೋರಲು, ಒಂದು ಅಂಗಾತ. ಒಂದು.

ಅಷ್ಟು ಎತ್ತರದಿಂದ ಫಕೀರವ್ವನಿಗೆ ಕಾಣುವುದಿಲ್ಲ. ನಿಂಬೆವ್ವ ಏನು ಹೇಳಿದರೆ ಅದೇ. ಅವಳು ಕವಡೆಗಳನ್ನು ಬಹಳ ಹೊತ್ತು ನೋಡಿದಳು.

“ಒಂದು ಬಿದ್ದೈತಿ. ಗೆದ್ದಿ ನೀ” ಎಂದಳು.

“ಸುಳ್ಳು!”

“ಯಾಕ ಸುಳ್ಳು ಹೇಳ್ಲಿ?”

“ಮೂವತ್ತು ವರ್ಷದಾಗ ಒಂದು ಸಲಾನೂ ಗೆದ್ದಿ ಅಂದಿಲ್ಲ ನೀ ನನಗ. ಇವತ್ತು ಅಂದಿ ಅಂದ್ರ ಒಳಗ ಏನೋ ಐತಿ. ಗೆಲುವನ್ನೂ ಕೂಲಿ ಹಂಗ ಕೊಡಾಕತ್ತಿಯೇನು?”

“ಮೌನೇಶನ್ನ ಕೇಳು, ಇಲ್ಲೇ ಅದಾನ.”

“ಅಂವ ನಿನ್ನ ಚಾ ಕುಡದಾಂವ. ತಡಿ, ನಾನ ಬಂದು ನೋಡ್ತೀನಿ.”

ಬರುವುದಾದರೂ ಹೇಗೆ? ನಾನು ಹೊರಗೋಡಿ ಸಂದಿನಲ್ಲಿ ನಿಂತು, ಗಿರಾಕಿಗಳು ಬೇಡವೆಂದ ಕೌದಿಗಳನ್ನೆಲ್ಲ ಕೆಳಗೆ ರಾಶಿ ಹಾಕಿದೆ. ಜನ ಮೇಲಿನ ಮಣ್ಣಿನ ಅಂಚನ್ನು ಕೋಲಿನಿಂದ ಕೆದರಿ ಇಳಿಜಾರು ಮಾಡಿದರು. ಫಕೀರವ್ವ ಒಂದು ತೂತು ಕೌದಿಯ ಮೇಲೆ ಕಾಲು ಚಾಚಿ ಕೂತು, ಕೋಲನ್ನು ಎದೆಗವಚಿಕೊಂಡು, ಊರಿನವರಿಗೆಲ್ಲ ಒಂದು ಬೈಗುಳ ಬೈದು, ಜರ್ರನೆ ಜಾರಿ ಬಂದಳು. ಜಾರುವುದಕ್ಕೆ ಮೊಣಕಾಲು ಮಡಚಬೇಕಾಗಿಲ್ಲ ಎಂಬುದು ನಮಗೆ ಯಾರಿಗೂ ಮೊದಲು ಹೊಳೆದಿರಲಿಲ್ಲ. ತಲೆತುಂಬ ಮಣ್ಣು. ಎದ್ದು, ಝಾಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೊಸ್ತಿಲು ದಾಟಿ ತನ್ನ ಜಾಗದಲ್ಲಿ ಕಾಲು ಚಾಚಿ ಕೂತಳು.

ನೋಡಿದಳು. ಒಂದು. ನಿಜವಾಗಿಯೂ ಒಂದೇ. ಮತ್ತೆ ನೋಡಿದಳು. ಅವಳ ಮುಖದಲ್ಲಿ ಗೆದ್ದವರ ಕಳೆಯೇ ಇರಲಿಲ್ಲ. ಒಂದಾದರೆ ಆಟ ಮುಗಿಯಿತು. ಆಟ ಮುಗಿದರೆ ನಾಳೆ ಯಾವ ಮುಖ ಹೊತ್ತು, ಏನು ನೆಪ ಹೇಳಿ ಬರುವುದು? ಆಗ ಅವಳ ಹೆಬ್ಬೆರಳು, ಅದೇ ಕಣ್ಣಿರುವ ಹೆಬ್ಬೆರಳು, ಮೆಲ್ಲಗೆ ಮುಂದೆ ಸರಿದು ಬೋರಲು ಬಿದ್ದ ಒಂದು ಕವಡೆಯನ್ನು ಮಗುಚಿತು.

“ನೋಡು, ಎರಡು. ಕಣ್ಣು ಹೋಗ್ಯಾವು ನಿನಗ. ಆಟ ಇನ್ನೂ ಐತಿ” ಎಂದಳು.

ನಾನು ಕಂಡೆ. ನಿಂಬೆವ್ವನೂ ಕಂಡಳು. ಇದರ ಅರ್ಧದಷ್ಟು ಮೋಸಕ್ಕೆ ಓಣಿ ಒಂದು ಮಾಡಿದವಳು ಅವಳು. ಈಗ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಹೌದಲ್ಲವ್ವಾ, ಎರಡು” ಎಂದು ಕವಡೆ ಎತ್ತಿಕೊಂಡಳು. ತನ್ನ ಸರದಿ ಆಡುವ ಮೊದಲು ನನ್ನ ಕಡೆ ತಿರುಗಿ, “ಈ ಮಣ್ಣು ತಗಿಸಿ ಮೆಟ್ಟಿಲು ಹಚ್ಚು. ಮನಿ ಎಷ್ಟಕ್ಕೈತಿ?” ಎಂದು ಕೇಳಿದಳು.

“ಐದಕ್ಕೈತಿ ಯವ್ವಾ. ಮಣ್ಣು ತಗದ್ರ ಐದು ಮೆಟ್ಟಿಲು ಬೇಕಾಗ್ತಾವು.”

ನಿಂಬೆವ್ವ ಫಕೀರವ್ವನ ಮೊಣಕಾಲು ನೋಡಿದಳು. ಎದ್ದು ಹೋಗಿ, ಗೂಡಿನಿಂದ ಒಂದು ಗಂಟು ತೆಗೆದು ನನ್ನ ಕೈಗೆ ಹಾಕಿದಳು.

“ಹೋಗು, ಜಿಲೇಬಿ ತಗೊಂಡು ಬಾ. ಎರಡು ಮೆಟ್ಟಿಲದ್ದು.”

ಎರಡು ಮೆಟ್ಟಿಲಿನ ಜಿಲೇಬಿ ಎಂದರೆ ಎಷ್ಟಾಗುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ತರಲು ತೋಟಪ್ಪನ ಮಣ್ಣಿನ ಗಾಡಿ ಕೇಳಬೇಕಾಯಿತು.